ತಿದ್ದದ ಫೋಟೋ

ಸ್ಟುಡಿಯೋದ ಹಿಂದಿನ ಕೋಣೆ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮಂಡಿ ನೋವು ಕಡಿಮೆಯಾಯಿತೇ? ಹಡಗಿನ ಇಂಜಿನ್ ಕೋಣೆಯ ಮೆಟ್ಟಿಲು ಹತ್ತಿ ಇಳಿಯುವಾಗ ಪಟ್ಟಿ ಕಟ್ಟಿಕೊಳ್ಳುತ್ತೀರೋ, ಅದು ಪೆಟ್ಟಿಗೆಯ ತಳದಲ್ಲೇ ಇದೆಯೋ? ಅಮ್ಮ ಚೆನ್ನಾಗಿದ್ದಾಳೆ. ತಂಗಿ ಅವಳಿಗಿಂತ ಅರ್ಧ ಗೇಣು ಎತ್ತರವಾಗಿದ್ದಾಳೆ, ದಿನಕ್ಕೆರಡು ಸಲ ಅದನ್ನು ನೆನಪಿಸುತ್ತಾಳೆ. ನನ್ನದೂ ಒಳ್ಳೆಯ ಸುದ್ದಿಯೇ, ಆದರೆ ಒಂದು ತಪ್ಪೊಪ್ಪಿಕೊಂಡೇ ಅಲ್ಲಿಗೆ ಬರಬೇಕು.

ಎರಡು ವರ್ಷದಿಂದ ಪತ್ರದ ಜೊತೆ ಕಳಿಸಿದ ನನ್ನ ಫೋಟೋಗಳೆಲ್ಲ ಸುಳ್ಳು, ಅಪ್ಪಾ. ಕಂಪ್ಯೂಟರಿನಲ್ಲಿ ಗಿರಾಕಿಗಳ ಫೋಟೋದ ಮೊಡವೆ ಅಳಿಸುವುದೂ ನನ್ನ ಕೆಲಸ ತಾನೇ, ನನ್ನವನ್ನೂ ಅಳಿಸಿಯೇ ಕಳಿಸುತ್ತಿದ್ದೆ. ನೀವು ಹೊರಟಾಗ ಹಣೆಯ ಮೇಲೆ ನಾಲ್ಕಿದ್ದವು. ಆಮೇಲೆ ಕೆನ್ನೆ, ದವಡೆ, ಕುತ್ತಿಗೆಯಲ್ಲೆಲ್ಲ ಕಡಲೆಬೀಜದಷ್ಟು ದಪ್ಪ ಗಂಟುಗಳೆದ್ದು ಕೀವು ತುಂಬಿದವು. ದಿಂಬಿಗೆ ಕೆನ್ನೆ ತಾಗಿದರೆ ಪ್ರಾಣ ಹೋಗುತ್ತಿತ್ತು. ಕಂಡವರೆಲ್ಲ ವೈದ್ಯರಾದರು. ಒಬ್ಬರು ಸೋಪು ಬದಲಿಸು ಎಂದರು, ಇನ್ನೊಬ್ಬರು ಎಣ್ಣೆ ಬಿಡು ಎಂದರು. "ವಯಸ್ಸಿಗೆ ಬಂದದ್ದು ವಯಸ್ಸಿಗೇ ಹೋಗುತ್ತೆ" ಎಂಬ ನಿಮ್ಮ ಮಾತನ್ನೇ ನಾನು ಜಪಿಸುತ್ತ ಕೂತೆ. ಅಷ್ಟರಲ್ಲಿ ಮಾಲೀಕರು ನನ್ನನ್ನು ಮುಂದಿನ ಕೌಂಟರಿನಿಂದ ಎಬ್ಬಿಸಿ, ಬರೀ ಫೋಟೋ ತಿದ್ದುತ್ತಿರು ಎಂದು ಈ ಕೋಣೆಗೆ ತಳ್ಳಿದರು. ಕ್ಯಾಮೆರಾ ಹಿಡಿಯಲು ಬಂದವನು ಹದಿನಾಲ್ಕು ತಿಂಗಳು ಕ್ಯಾಮೆರಾ ಮುಟ್ಟಲಿಲ್ಲ. ಗಂಟುಗಳಿಗಿಂತ ನನಗೆ ಅದೇ ಹೆಚ್ಚು ನೋಯಿತು.

ಕೊನೆಗೆ ಅಮ್ಮ ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ, ಆದರೂ ಹೇಗೆ ಹರಡಿತು ಎಂದು ತಿಳಿಯಲು ಅವರು ಹಳೆಯ ಫೋಟೋ ಕೇಳಿದರು. ಫೋನಿನಲ್ಲಿದ್ದವು ತಿದ್ದಿ ನಿಮಗೆ ಕಳಿಸಿದವೇ. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದಾಗ ನಿಮ್ಮ ಫೋಟೋ ತೋರಿಸಿದೆ. ಕ್ಯಾಮೆರಾ ಕಂಡರೆ ನೀವು ಎಡಗೆನ್ನೆ ಮರೆಮಾಡುವುದು ನನಗೆ ಗೊತ್ತಿತ್ತಲ್ಲ, ಅದರ ಮೇಲಿನ ಹಳೆಯ ಮೊಡವೆ ಗುಂಡಿಗಳನ್ನೂ ಫೋಟೋದಲ್ಲಿ ನಾನೇ ಮುಚ್ಚಿಬಿಟ್ಟಿದ್ದೆ. ಡಾಕ್ಟರು ಕನ್ನಡಕ ತೆಗೆದು, "ನಿಮ್ಮನೇಲಿ ಎಲ್ಲರದ್ದೂ ಬೆಣ್ಣೆಯಂಥ ಕೆನ್ನೆ. ಹಾಗಾದ್ರೆ ನನ್ನ ಮುಂದೆ ಕೂತಿರೋರು ಯಾರು?" ಎಂದರು. ಅಮ್ಮ ನಕ್ಕಳು, ನನಗೆ ಅಳು ಬಂತು. ಮರುದಿನ ಸ್ಟುಡಿಯೋದ ಕಂಪ್ಯೂಟರಿನಿಂದ ತಿದ್ದದ ಫೋಟೋಗಳನ್ನು ತೆಗೆದುಕೊಂಡು ಹೋದೆ.

ಆರು ತಿಂಗಳು ಊಟದ ಜೊತೆ ಮಾತ್ರೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಮೊದಲ ತಿಂಗಳು ಮುಖ ಇನ್ನಷ್ಟು ಕೆರಳಿತು. ಬಿಟ್ಟುಬಿಡುತ್ತೇನೆ ಎಂದು ಹಟ ಹಿಡಿದಾಗ ಡಾಕ್ಟರು ಮಾತ್ರೆಯ ಪ್ರಮಾಣ ಇಳಿಸಿ ಸಮಾಧಾನ ಹೇಳಿದರು. ಒಡೆದ ತುಟಿಯಲ್ಲಿ ನಗಲು ಆಗುತ್ತಿರಲಿಲ್ಲ. ತಂಗಿ ಅದಕ್ಕೆಂದೇ ದಿನಾ ಒಂದು ಜೋಕು ಹುಡುಕಿ ತರುತ್ತಿದ್ದಳು. ನಾಲ್ಕನೆಯ ತಿಂಗಳು ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಕೈಗೆ ಏನೂ ತಾಗಲಿಲ್ಲ. ಮತ್ತೆ ತೊಳೆದೆ, ಮತ್ತೂ ತೊಳೆದೆ. ನೀರು ಮುಗಿಯುತ್ತದೆ ಎಂದು ಅಮ್ಮ ಗದರಿದಳು. ಗೆದ್ದೆ, ಅಪ್ಪಾ. ನಿನ್ನೆ ಕೊನೆಯ ಮಾತ್ರೆ ನುಂಗಿದೆ. "ಮುಖ ಸರಿಹೋಯ್ತಲ್ಲ, ಮುಂದೆ ಬಾ" ಎಂದರು ಮಾಲೀಕರು. ಕ್ಯಾಮೆರಾ ಹಿಡಿಯುವುದು ಕೈ, ಕೆನ್ನೆಯಲ್ಲ ಎಂದು ಹೇಳಿಯೇ ಅದನ್ನು ತೆಗೆದುಕೊಂಡೆ. ಈ ಕೋಣೆಯಲ್ಲಿ ಇವತ್ತೇ ಕಡೆ.

ಎಡಗೆನ್ನೆಯಲ್ಲಿ ಎರಡು ಗುಂಡಿ ಉಳಿದಿವೆ, ನಿಮ್ಮವು ಇರುವ ಜಾಗದಲ್ಲೇ. ಅವಕ್ಕೂ ಚಿಕಿತ್ಸೆ ಇದೆಯಂತೆ, ಸದ್ಯಕ್ಕೆ ಇರಲಿ ಎಂದೆ. ನಿಮ್ಮ ಗುಂಡಿಗಳನ್ನು ಕೇಳದೆ ಅಳಿಸಿದ್ದಕ್ಕೆ ಕ್ಷಮಿಸಿ.

ಮಂಡಿ ಜೋಪಾನ. ನಮ್ಮ ಮೂವರ ನೆನಪುಗಳು ನಿಮ್ಮ ಜೊತೆಗಿರಲಿ.

ನಿಮ್ಮ ಮಗ,
ಈ ಸಲ ಅಸಲಿ

ತಾ.ಕ.: ಅಂಚೆಗೆ ಹೊತ್ತಾಯಿತು, ಮುಖ್ಯ ವಿಷಯವೇ ಉಳಿದಿದೆ. ಹೋದ ವಾರ ತಂಗಿಯ ಗದ್ದದ ಮೇಲೆ ಮೊದಲ ಗಂಟು ಎದ್ದಿತು. ವಯಸ್ಸು ಎಂದು ಕಾಯದೆ ಅವತ್ತೇ ಡಾಕ್ಟರಿಗೆ ತೋರಿಸಿದೆ, ಸದ್ಯ ಮುಲಾಮು ಸಾಕಂತೆ. ಜೊತೆಗಿರುವ ಫೋಟೋದಲ್ಲಿ ಅವಳ ಗಂಟೂ ನನ್ನ ಗುಂಡಿಗಳೂ ಹಾಗೇ ಇವೆ. ನೀವೂ ಒಂದು ತೆಗೆಸಿ ಕಳಿಸಿ, ನೇರ ನೋಡಿಕೊಂಡು. ನಾನು ಮುಟ್ಟುವುದಿಲ್ಲ.