ಆ ಬೆಳ್ಳಿ ಒಳಲೆ ನಮ್ಮ ಹೊನ್ನಿಗೆ ಬೇಡ

ಶಿಶು ಪ್ರದರ್ಶನ ಸಮಿತಿಯ ಅಧ್ಯಕ್ಷರ ಸನ್ನಿಧಿಗೆ

ಮಾನ್ಯರೇ,

ಬರುವ ಭಾನುವಾರ ಮಧುಗಿರಿಯಲ್ಲಿ ನಡೆಯುವ ಶಿಶು ಪ್ರದರ್ಶನದಲ್ಲಿ ತಾವು ನನ್ನ ಅಕ್ಕನ ಮಗಳು ಹೊನ್ನಾದೇವಿಗೆ ಮೊದಲನೆಯ ಬಹುಮಾನ ಕೊಡಲಿದ್ದೀರಿ. ದಯವಿಟ್ಟು ಕೊಡಬೇಡಿ. ತೀರ್ಪು ಇನ್ನೂ ಆಗಿಲ್ಲವೆಂದು ತಾವು ಹೇಳಬಹುದು. ಕಳೆದ ವರ್ಷ ತಾವು ಮಕ್ಕಳನ್ನು ಆರಿಸಿದ ಬಗೆಯನ್ನು ನಾನು ಚಪ್ಪರದ ಕಂಬದ ಹಿಂದೆ ನಿಂತು ನೋಡಿದ್ದೇನೆ. ಈ ವರ್ಷ ಆ ಮಗು ಹೇಗಿದೆಯೆಂಬುದನ್ನೂ ನೋಡಿದ್ದೇನೆ. ಎರಡನ್ನೂ ನೋಡಿದವನಿಗೆ ತೀರ್ಪು ಊಹಿಸಲು ಜ್ಯೋತಿಷ್ಯ ಬೇಕಿಲ್ಲ. ಸೋದರಮಾವನೊಬ್ಬ ಪತ್ರಿಕೆಯಲ್ಲಿ ಹೀಗೆ ಬೇಡಿಕೊಳ್ಳುವುದು ವಿಚಿತ್ರವೆಂದು ಬಲ್ಲೆ. ಎದುರಿಗೆ ಬಂದು ಹೇಳಲೂ ನೋಡಿದೆ. ಅದು ಹೇಗಾಯಿತೆಂಬುದನ್ನು ಮುಂದೆ ಬರೆದಿದ್ದೇನೆ.

ಕಳೆದ ವರ್ಷದ ಪ್ರದರ್ಶನ ತಮಗೆ ನೆನಪಿರಬಹುದು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ನಾಲ್ಕು ತಾಲ್ಲೂಕುಗಳ ತಾಯಂದಿರು ಕಂಕುಳಲ್ಲಿ ಮಕ್ಕಳನ್ನಿಟ್ಟುಕೊಂಡು ಬಿಸಿಲಲ್ಲಿ ಸಾಲು ನಿಂತಿದ್ದರು. ತಾವು ಒಂದೊಂದೇ ಮಗುವನ್ನು ತಕ್ಕಡಿಯಲ್ಲಿಡಿಸಿ, ಕೆನ್ನೆ ಹಿಂಡಿ, ಮುಂದಕ್ಕೆ ಸಾಗುತ್ತಿದ್ದಿರಿ. ಕೊಳಾಲದಿಂದ ಬಂದ ನನ್ನ ಅಕ್ಕ ಜಗದಾಂಬ ಒಂದು ವರ್ಷದ ಹೊನ್ನಿಯನ್ನು ಮುಂದಿಟ್ಟಳು. ಹೊನ್ನಿ ತಮ್ಮ ಗಡಿಯಾರದ ಸರಪಳಿ ಹಿಡಿದುಕೊಂಡು ಬಿಡಲೊಲ್ಲೆನೆಂದು ಕಿರುಚಿದಳು. ಅವಳ ಬೆರಳು ಬಿಡಿಸಲು ತಮ್ಮ ಜವಾನನೇ ಬರಬೇಕಾಯಿತು.

"ಏನು ಕೊಡುತ್ತೀಯಮ್ಮ ಮಗುವಿಗೆ?" ಎಂದು ಕೇಳಿದಿರಿ.

"ರಾಗಿ ಸರಿ, ಸ್ವಾಮಿ. ಸೊಪ್ಪಿನ ಕಟ್ಟು ಕಲಸಿದ ಅನ್ನ."

"ಅದಕ್ಕೇ ರಾಗಿಯ ಬಣ್ಣ!" ಎಂದಿರಿ. ಸಭೆಯೆಲ್ಲ ನಕ್ಕಿತು. ಅಕ್ಕನೂ ನಕ್ಕಳು. ನಕ್ಕು, ಸೆರಗನ್ನು ಎಳೆದು ಮಗುವಿನ ಮುಖ ಮುಚ್ಚಿದಳು. ಅದು ತಮಗೆ ಕಂಡಿರಲಾರದು; ತಾವಾಗಲೇ ಮುಂದಿನ ಮಗುವಿನ ಬಳಿಗೆ ಹೋಗಿದ್ದಿರಿ.

ಆ ಮುಂದಿನ ಮಗುವೇ ಸಿರಾ ಕಡೆಯ ಗೊಲ್ಲರಹಟ್ಟಿಯ ಗಿರಿಯಮ್ಮನ ಮಗ ಕ್ಯಾತ. ದುಂಡು ಮೈ, ಬೆಣ್ಣೆಯ ಬಣ್ಣ. ತಕ್ಕಡಿಯಲ್ಲಿಟ್ಟರೂ ಅಳಲಿಲ್ಲ, ಕೆನ್ನೆ ಹಿಂಡಿದರೂ ಅಳಲಿಲ್ಲ, ಯಾವ ಸರಪಳಿಗೂ ಕೈ ಚಾಚಲಿಲ್ಲ. "ಎಂಥ ಸಾಧು ಮಗು!" ಎಂದು ತಾವು ಮೆಚ್ಚಿದಿರಿ. ಹಾಲು ಕುಡಿಸುವ ಬೆಳ್ಳಿಯ ಒಳಲೆಯನ್ನು ಬಹುಮಾನವಾಗಿ ಅವನ ತಾಯಿಯ ಕೈಗಿಟ್ಟು ಭಾಷಣ ಮಾಡಿದಿರಿ. ಹಟ್ಟಿಯಲ್ಲಿ ಹುಟ್ಟಿದ ಮಗು ಅರಮನೆಯ ಮಗುವಿನಂತಿದೆ, ಕಾರಣವೇನು? ಈ ತಾಯಿ ಹಾಲನ್ನು ಬಿಟ್ಟು ಬೇರೇನನ್ನೂ ಕೊಟ್ಟಿಲ್ಲ; ನೀವೂ ಇವಳಿಂದ ಕಲಿಯಿರಿ, ಎಂದಿರಿ. ಚಪ್ಪಾಳೆ ಬಿತ್ತು. ಅಧಿಕಾರಿಗಳ ಉಪದೇಶವನ್ನು ಜನ ಪಾಲಿಸುವುದಿಲ್ಲವೆಂದು ತಾವು ಆಗಾಗ ಬೇಸರಪಡುತ್ತೀರಂತೆ. ಈ ಒಂದು ಉಪದೇಶವನ್ನು ಅಕ್ಷರಶಃ ಪಾಲಿಸಿದ್ದಾರೆ. ತಮಗೆ ಸಂತೋಷವಾಗಬೇಕು.

ಅಕ್ಕನ ಮನೆಯಲ್ಲಿ ಅಂದಿನಿಂದ ರಾಗಿ ಸರಿ ನಿಂತಿತು. ಭಾವ ಪರ್ವತಯ್ಯನವರು ಹಾಲು ಕೊಡುವ ಹಸುವೊಂದನ್ನು ಹೊಡೆದುಕೊಂಡು ಬಂದರು. ಬೆಳಿಗ್ಗೆ ಹಾಲು, ಮಧ್ಯಾಹ್ನ ಹಾಲು, ಅತ್ತರೆ ಹಾಲು. ಕೆಲವು ತಿಂಗಳಲ್ಲಿ ಹೊನ್ನಿಯ ಬಣ್ಣ ತಿಳಿಯಾಗತೊಡಗಿತು. ಬೀದಿಯ ಹೆಂಗಸರು ಬಂದು ನೋಡಿ ಹೋಗಿ, ತಮ್ಮ ಮನೆಗಳಲ್ಲೂ ರಾಗಿ ಸರಿಯ ಬಟ್ಟಲನ್ನು ಮೇಲಿಟ್ಟರು. ಅಕ್ಕನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಹಟ್ಟಿಯವರ ಹಾಲಿನಲ್ಲಿ ಬೇರೆ ಏನೋ ಗುಟ್ಟಿರಬೇಕು, ಕೇಳಿಕೊಂಡು ಬಾ, ಎಂದು ನನ್ನನ್ನು ಕಳಿಸಿದಳು. ಬಿ.ಎ. ಮಾಡಿ ಮಧುಗಿರಿಯಲ್ಲಿ ಮನೆಪಾಠ ಹೇಳಿಕೊಂಡಿರುವ ತಮ್ಮನಿಗೆ ಇಂಥ ಕೆಲಸಗಳು ಸಹಜವಾಗಿ ಬೀಳುತ್ತವೆ.

ಹಟ್ಟಿಯಲ್ಲಿ ಗಿರಿಯಮ್ಮನ ಅತ್ತೆ ಜುಂಜಮ್ಮ ಕಂಬಳಿ ಹಾಸಿದಳು.

"ಕುತ್ಕಳಿ ಅಯ್ನೋರೆ. ಗುಟ್ಟೇನೈತೆ ಇದ್ರಾಗೆ? ಮೊದ್ಲೆರಡು ಕೂಸು ಉಳೀನಿಲ್ಲ. ಇವ್ನಿಗೆ ಜವ್ಳ ತೆಗ್ಸೋಗಂಟ ಕಾಳು ಮುಟ್ಟಿಸಾಕಿಲ್ಲ, ಬರೀ ಹಾಲಾಗೇ ಸಾಕ್ತೀನಿ ಅಂತ ದ್ಯಾವ್ರಿಗೆ ಹೇಳ್ಕಂಡಿವ್ನಿ. ಅಷ್ಟೇಯ. ನಿಮ್ಮಕ್ಕಂಗೂ ಬೆಳ್ಳಿ ಒಳ್ಲೆ ಬೇಕಂತಾ?"

ತಾವು ನಾಲ್ಕು ತಾಲ್ಲೂಕುಗಳಿಗೆ ಸಾರಿದ ಶಿಶುಪೋಷಣೆಯ ಶಾಸ್ತ್ರ ಇದು, ಮಾನ್ಯರೇ: ಮಕ್ಕಳನ್ನು ಕಳೆದುಕೊಂಡ ಒಂದು ಮನೆಯ ಮುದುಕಿ ಭಯದಿಂದ ಹೊತ್ತ ಹರಕೆ. ಹಟ್ಟಿಯ ಬೇರೆ ಮಕ್ಕಳು ಮುದ್ದೆ ಮುರಿದು ತಿನ್ನುತ್ತ ಅಂಗಳದ ತುಂಬ ಓಡಾಡುತ್ತಿದ್ದರು. ಅವರ ಊಟವೇನೆಂದು ತಾವು ಕೇಳಲಿಲ್ಲ.

ಕ್ಯಾತ ಎಲ್ಲೆಂದೆ. "ಅಗಾ, ಗ್ವಾಡೆ ತಾವ," ಎಂದಳು ಗಿರಿಯಮ್ಮ. ಅವನು ಗೋಡೆಗೆ ಮುಖ ಮಾಡಿ ಕುಳಿತಿದ್ದ. ಉಗುರಿನಿಂದ ಮಣ್ಣು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ, ಬಹಳ ನಿಧಾನವಾಗಿ.

"ಬ್ಯಾಡ ಕಣ್ಲಾ, ಉಗಿ!" ಎಂದು ಗಿರಿಯಮ್ಮ ಎತ್ತಿಕೊಂಡಳು.

"ಬುಡು ಅತ್ಲಾಗೆ," ಎಂದು ಜುಂಜಮ್ಮ ನಕ್ಕಳು. "ಹಾಲು ಕುಡೀತಾನೆ, ಮಣ್ಣು ನಂಚ್ಕಂತಾನೆ. ನಮ್ ದೊರೆ!"

ನಾನೂ ನಕ್ಕೆ. ಆದರೆ ಮಗುವನ್ನು ಅಂಗಳದಿಂದ ಒಳಕ್ಕೆ ಒಯ್ಯುವಷ್ಟರಲ್ಲಿ ತಾಯಿಗೆ ಬರದ ಏದುಸಿರು ಅವನಿಗೆ ಬಂದಿತ್ತು. ತುಟಿಗೂ ಕೆನ್ನೆಗೂ ಬಣ್ಣದಲ್ಲಿ ಅಂತರವೇ ಇರಲಿಲ್ಲ. ಆಸ್ಪತ್ರೆಗೆ ತೋರಿಸಿ, ನಾನೂ ಜೊತೆಗೆ ಬರುತ್ತೇನೆ ಎಂದೆ. "ಬೌಮಾನ ಬಂದಿರೋ ಕೂಸ್ಗೆ ಆಸ್ಪತ್ರೆ ಯಾಕೆ?" ಎಂದು ಅವನ ಅಪ್ಪ ಓಬಯ್ಯ ಕೇಳಿದ. ಆ ಪ್ರಶ್ನೆಗೆ ತಮ್ಮಲ್ಲಿ ಉತ್ತರವಿದೆಯೆ?

ಮಾಗಿಯ ಚಳಿಯಲ್ಲಿ ಕ್ಯಾತನಿಗೆ ಕೆಮ್ಮು ಜ್ವರ ಹಿಡಿಯಿತು. ಆಗ ಓಬಯ್ಯ ಗಾಡಿ ಕಟ್ಟಿಕೊಂಡು ನನ್ನ ಬಾಗಿಲಿಗೆ ಬಂದ. ತುಮಕೂರಿನ ಆಸ್ಪತ್ರೆಗೆ ನಾನೂ ಹೋದೆ. ವೈದ್ಯರು ಮಗುವಿನ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದರು. ಕೆಂಪಿರಬೇಕಾದಲ್ಲಿ ಅರಳೆಯಂತೆ ಬೆಳ್ಳಗಿತ್ತು. ಬೆರಳಿನ ಉಗುರು ಚಮಚದಂತೆ ಗುಳಿ ಬಿದ್ದಿತ್ತು. ಏನು ಕೊಡುತ್ತಿದ್ದೀರಿ ಎಂದು ಕೇಳಿದರು. ಹಾಲು ಎಂದಳು ಗಿರಿಯಮ್ಮ. ಹಾಲು ಮಾತ್ರವೆ ಎಂದು ಮತ್ತೆ ಕೇಳಿದರು. ತನ್ನನ್ನು ನಂಬಲಿಲ್ಲವೆಂದು ತಿಳಿದು ಅವಳು ಮಡಿಲಿಗೆ ಕೈಹಾಕಿ ಬೆಳ್ಳಿ ಒಳಲೆಯನ್ನು ತೆಗೆದು ತೋರಿಸಿದಳು.

"ಬರೀ ಹಾಲೇ ಸಾಮಿ. ನೋಡಿ, ದೊಡ್ಡೋರು ಕೊಟ್ಟವ್ರೆ."

ವೈದ್ಯರು ಒಳಲೆಯನ್ನು ತಿರುಗಿಸಿ ನೋಡಿ ಅವಳ ಕೈಗೇ ಹಿಂದಿರುಗಿಸಿದರು. ಆಮೇಲೆ ನನ್ನನ್ನು ಹೊರಕ್ಕೆ ಕರೆದು ಹೇಳಿದರು: ಹಾಲಿನಲ್ಲಿ ಬಹಳ ಒಳ್ಳೆಯದಿದೆ, ಆದರೆ ರಕ್ತವಾಗಲು ಬೇಕಾದ ಕಬ್ಬಿಣದ ಸತ್ವ ಇಲ್ಲವೆನ್ನುವಷ್ಟು ಕಡಿಮೆ. ಹುಟ್ಟುವಾಗ ತಾಯಿಯಿಂದ ತಂದದ್ದು ಕೆಲವು ತಿಂಗಳಿಗೆ ಮುಗಿಯುತ್ತದೆ. ಆಮೇಲೆ ರಾಗಿ, ಸೊಪ್ಪು, ಬೇಳೆ ಬೀಳದೆ ಬರೀ ಹಾಲೇ ಹೊಟ್ಟೆ ತುಂಬಿದರೆ ಮಗು ಮೈ ತುಂಬಿಕೊಂಡು ಕಾಣುತ್ತದೆ. ಒಳಗೆ ರಕ್ತ ತೆಳುವಾಗುತ್ತ ಹೋಗುತ್ತದೆ. ಅಂಥ ಮಗು ಅಳುವುದಿಲ್ಲ, ಆಡುವುದಿಲ್ಲ, ಮಣ್ಣು ತಿನ್ನುತ್ತದೆ. ತಾವು ಮೆಚ್ಚಿದ ಸಾಧುತನ ಇದೇ, ಮಾನ್ಯರೇ. ಅಳುವುದಕ್ಕೆ ಅವನಲ್ಲಿ ಶಕ್ತಿಯಿರಲಿಲ್ಲ.

ಕಬ್ಬಿಣದ ಔಷಧಿ ಕೊಟ್ಟರು. ಅದು ರಕ್ತವಾಗಲು ವಾರಗಳು ಬೇಕು. ಎದೆಗೆ ಇಳಿದ ಕಫ ಅಷ್ಟು ಕಾಯಲಿಲ್ಲ. ಕ್ಯಾತ ತೀರಿಕೊಂಡ. ಅವನ ಜವಳದ ಕೂದಲು ತಲೆಯ ಮೇಲೆ ಹಾಗೆಯೇ ಇತ್ತು.

ನಾನು ಅಲ್ಲಿಂದ ನೇರವಾಗಿ ಕೊಳಾಲಕ್ಕೆ ಹೋದೆ. ಅಕ್ಕ ಎಲ್ಲವನ್ನೂ ಕೇಳಿದಳು. ಕಣ್ಣೊರೆಸಿಕೊಂಡಳು. ಆಮೇಲೆ ಹೊನ್ನಿಗೆ ಹಾಲು ಕಾಯಿಸಲು ಎದ್ದಳು.

"ಆ ಕೂಸು ಶೀತಕ್ಕೆ ಹೋಯ್ತು ಕಣೋ. ಹಾಲು ಕುಡಿದು ಯಾರಾದ್ರೂ ಸಾಯ್ತಾರಾ? ನಿನ್ನ ಬಿ.ಎ. ಪುಸ್ತಕದಲ್ಲಿ ಹಂಗೆ ಬರ್ದಿದಾರಾ?"

"ವೈದ್ಯರು ಹೇಳಿದ್ದು ಅಕ್ಕ."

"ಆ ವೈದ್ಯರಿಗಿಂತ ದೊಡ್ಡೋರು, ಅಷ್ಟು ಜನದ ಮುಂದೆ ಹೇಳಿದ್ರಲ್ಲ. ನೀನೂ ಅಲ್ಲೇ ಇದ್ಯಲ್ಲ? ನನ್ನ ಮಗೂನ ನೋಡಿ ಎಲ್ಲಾರೂ ನಕ್ಕಾಗ ನೀನೆಲ್ಲಿದ್ದೆ, ಕಂಬದ ಹಿಂದೆ ತಾನೆ?"

ಭಾವನವರು ಹೌದೆಂದು ತಲೆಯಾಡಿಸಿದರು. ಅಲ್ಲಿಗೆ ಮಾತು ಮುಗಿಯಿತು.

ಹಾಗಾಗಿ ಮೊನ್ನೆ ತಮ್ಮ ಕಚೇರಿಗೆ ಬಂದೆ. ಬಹಳ ಹೊತ್ತು ಜಗಲಿಯಲ್ಲಿ ಕುಳಿತಿದ್ದೆ. ಬಂದ ಕಾರಣವನ್ನು ತಮ್ಮ ಜವಾನನಿಗೆ ವಿವರಿಸಿದಾಗ ಅವನು ಒಳಗಿದ್ದವರಿಗೂ ಕೇಳುವಂತೆ ನಕ್ಕ. "ಮಗು ಕಪ್ಪಗಾಯ್ತು ಅಂತ ಅಳೋರ್ನ ನೋಡಿವ್ನಿ. ಬೆಳ್ಳಗಾಯ್ತು ಅಂತ ಅರ್ಜಿ ತಂದೋರು ನೀವೇ ಮೊದ್ಲು ಸ್ವಾಮಿ!" ತಾವು ಹೊರಬಂದಿರಿ. ಹಾಲು, ಮಗು, ಪ್ರದರ್ಶನ ಎಂಬ ಮೂರು ಪದಗಳಿಗಿಂತ ಹೆಚ್ಚು ನನ್ನ ಬಾಯಿಂದ ಹೊರಡಲಿಲ್ಲ. "ಪ್ರದರ್ಶನಕ್ಕೆ ತಾನೆ? ಭಾನುವಾರ ಬನ್ನಿ, ಮಗುವನ್ನೂ ಕರೆತನ್ನಿ," ಎಂದು ತಾವು ಪ್ರೀತಿಯಿಂದಲೇ ಹೇಳಿ ಕಾರು ಹತ್ತಿದಿರಿ.

ತಮ್ಮಲ್ಲಿ ಕ್ರೌರ್ಯವಿದೆಯೆಂದು ನಾನು ಹೇಳುತ್ತಿಲ್ಲ. ಇದ್ದಿದ್ದರೆ ತಾಯಂದಿರು ತಮ್ಮ ಮಾತನ್ನು ಇಷ್ಟು ನಂಬುತ್ತಿರಲಿಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ಹೊಲದಲ್ಲಿ ದುಡಿಯುವವರೂ ಕುರಿ ಕಾಯುವವರೂ ಇರುವ, ಬಂಡೆಗಳೇ ಕಾದು ಬಿರಿಯುವ ಈ ಸೀಮೆಯಲ್ಲಿ, ಬೆಳ್ಳಗಿರುವ ಮಗು ಹೇಗೆ ಬೆಳ್ಳಗಾಯಿತೆಂದು ಒಮ್ಮೆಯಾದರೂ ಅನುಮಾನ ಬರಬೇಡವೆ? ತೂಕ ನೋಡಿದಿರಿ, ಆ ತೂಕ ಯಾವುದರದೆಂದು ನೋಡಿದಿರಾ? ಸರಪಳಿ ಹಿಡಿದು ಕಿರುಚಿದ ಮಗು ಸೋತು, ಕೈಯೆತ್ತದ ಮಗು ಗೆದ್ದ ಆ ದಿನ, ಚಪ್ಪರದಲ್ಲಿದ್ದ ವಿದ್ಯಾವಂತರಲ್ಲಿ ಒಬ್ಬರಾದರೂ ಒಂದು ರೆಪ್ಪೆಯನ್ನು ಎಳೆದು ನೋಡಲಿಲ್ಲವೇಕೆ? ಈ ವರ್ಷ ಸ್ಪರ್ಧೆಗೆ ಹೆಚ್ಚು ಮಕ್ಕಳು ಬರುತ್ತಾರೆಂದು ತಮ್ಮ ಪ್ರಕಟಣೆ ಹೆಮ್ಮೆಪಡುತ್ತದೆ. ಬರುತ್ತಾರೆ. ಅವರಲ್ಲಿ ಎಷ್ಟು ಜನ ಬೆಣ್ಣೆಯ ಬಣ್ಣಕ್ಕೆ ತಿರುಗಿರುತ್ತಾರೆಂದು ನೆನೆದರೆ ನನಗೆ ಭಯವಾಗುತ್ತದೆ.

ನಿನ್ನೆ ಮತ್ತೆ ಕೊಳಾಲಕ್ಕೆ ಹೋಗಿದ್ದೆ. ಹೊನ್ನಿ ಮಲ್ಲಿಗೆಯಂತಾಗಿದ್ದಾಳೆ, ಬೀದಿಯೇ ಹಾಗೆನ್ನುತ್ತದೆ. ಹೋದ ಕಾರ್ತೀಕದಲ್ಲಿ ಸಿದ್ದರಬೆಟ್ಟದ ಮೆಟ್ಟಿಲುಗಳನ್ನು ತಾನೇ ಅಂಬೆಗಾಲಿಟ್ಟು ಹತ್ತುತ್ತೇನೆಂದು ಹಟ ಮಾಡಿದವಳು ನನ್ನನ್ನು ಕಂಡು ಎದ್ದು ಬರಲಿಲ್ಲ, ಕೂತಲ್ಲಿಂದಲೇ ನಕ್ಕಳು. ನನ್ನ ಕೈಗಡಿಯಾರವನ್ನು ಬಿಚ್ಚಿ ಅವಳ ಮುಂದೆ ಹಿಡಿದೆ. ನೋಡಿದಳು, ಕೈ ಚಾಚಲಿಲ್ಲ. ಹಬ್ಬಕ್ಕೆಂದು ಸುಣ್ಣ ಹೊಡೆಸಿದ ಗೋಡೆ ಅವಳ ಹಿಂದೆ ಇತ್ತು. ಅವಳು ಕುಳಿತಷ್ಟು ಎತ್ತರದಲ್ಲಿ ಸುಣ್ಣ ಹೋಗಿ ಕೆಮ್ಮಣ್ಣು ಕಾಣುತ್ತಿತ್ತು.

"ಇದೇನಕ್ಕ?" ಎಂದೆ.

"ಇಲಿ ಕಣೋ," ಎಂದಳು ಅಕ್ಕ. ನನ್ನ ಕಡೆ ನೋಡಲಿಲ್ಲ.

ಬಹುಮಾನವನ್ನು ಬೇರೆ ಮಗುವಿಗೆ ಕೊಟ್ಟು ಸುಮ್ಮನಾದರೆ ಸಾಲದು, ಮಾನ್ಯರೇ. ಸೋತರೆ ಅಕ್ಕ ಇನ್ನೂ ಹೆಚ್ಚು ಹಾಲು ಕುಡಿಸುತ್ತಾಳೆ. ಗೆದ್ದರೆ ನಿಲ್ಲಿಸುವುದೇ ಇಲ್ಲ. ಅವಳು ನನ್ನ ಮಾತು ಕೇಳುವುದಿಲ್ಲ, ವೈದ್ಯರ ಮಾತು ಕೇಳುವುದಿಲ್ಲ. ತಮ್ಮ ಒಂದು ಮಾತಿಗೆ ರಾಗಿಯನ್ನು ಬಿಟ್ಟವಳು ತಮ್ಮ ಮಾತಿಗೆ ಮಾತ್ರ ಮತ್ತೆ ಹಿಡಿದಾಳು. ಆದ್ದರಿಂದ ಭಾನುವಾರ ವೈದ್ಯರೊಬ್ಬರನ್ನು ತಕ್ಕಡಿಯ ಪಕ್ಕದಲ್ಲಿ ನಿಲ್ಲಿಸಿ. ಪ್ರತಿ ಮಗುವಿನ ಕಣ್ಣಿನ ರೆಪ್ಪೆಯನ್ನು ಎಲ್ಲರೆದುರು ಎಳೆದು ತೋರಿಸಲಿ. ರೆಪ್ಪೆಯ ಒಳಗೆ ಬೆಳ್ಳಗಿರುವ ಮಕ್ಕಳಿಗೆ ಕಬ್ಬಿಣದ ಔಷಧಿಯನ್ನು ಅಲ್ಲೇ ಕೊಡಿಸಿ. ಆಮೇಲೆ, ಕಳೆದ ವರ್ಷ ನಿಂತ ಜಾಗದಲ್ಲೇ ನಿಂತು, ಅಷ್ಟೇ ಗಟ್ಟಿಯಾಗಿ, ಕಳೆದ ವರ್ಷ ಹೇಳಿದ್ದು ತಪ್ಪಾಗಿತ್ತು ಎಂದು ಹೇಳಿ. ಸಭೆ ನಗಬಹುದು. ನನ್ನ ಅಕ್ಕ ಆ ನಗುವನ್ನು ಒಮ್ಮೆ ತಡೆದುಕೊಂಡಿದ್ದಾಳೆ, ತಮಗೂ ಸಾಧ್ಯವಾದೀತು.

ಅಕ್ಕ ನನ್ನನ್ನೇ ಗಾಡಿಯ ಜೊತೆಗೆ ಬರಲು ಹೇಳಿದ್ದಾಳೆ. ಹೊನ್ನಿಯನ್ನು ನಾನೇ ಎತ್ತಿಕೊಂಡು ತಮ್ಮ ಮುಂದೆ ನಿಲ್ಲುತ್ತೇನೆ, ಈ ಸಲ ಕಂಬದ ಹಿಂದೆ ಅಲ್ಲ. ತಮ್ಮ ಗಡಿಯಾರದ ಸರಪಳಿಯನ್ನು ಅವಳ ಕೈಗೆ ಎಟಕುವಂತೆ ಹಿಡಿಯಿರಿ. ಅವಳು ಅದನ್ನು ಹಿಡಿದು ಎಳೆಯುವಳೋ ಇಲ್ಲವೋ, ತಾವೇ ನೋಡಿ.

ಇಂತಿ,
ಸೊಸೆ ಸೋಲಲೆಂದು ಹರಕೆ ಹೊತ್ತಿರುವ,
ಕೊಳಾಲದ ಹೊನ್ನಾದೇವಿಯ ಸೋದರಮಾವ