ರಾಣಿ ಏಳುವುದಿಲ್ಲ

ನವೆಂಬರ್ 4, ಸೋಮವಾರ

ರೋಣದ ಬಸ್ಸಿನಲ್ಲಿ ಸೀಟು ಸಿಕ್ಕಿತು, ಕಿಟಕಿ ಪಕ್ಕ. ಇಂಗ್ಲಿಷ್ ಕಾದಂಬರಿಯೊಂದನ್ನು ತೆರೆದೆ. ಹದಿಹರೆಯದವರಿಗಾಗಿ ಅಂತ ಹಿಂದಿನ ರಟ್ಟಿನ ಮೇಲೆ ಅಚ್ಚಾಗಿದೆ. ಶಿವನೇ! ನಲವತ್ತನೇ ಪುಟಕ್ಕೆ ಬರುವಷ್ಟರಲ್ಲಿ ನಾಯಕಿಯ ತಮ್ಮ ಸತ್ತ, ತಾಯಿ ಮನೆ ಬಿಟ್ಟಳು, ನಾಯಕಿ ಒಬ್ಬ ಹುಡುಗನ ಜೊತೆ ಟೆರೇಸಿನ ಮೇಲೆ... ಪುಸ್ತಕ ಮುಚ್ಚಿ ಆಚೀಚೆ ನೋಡಿದೆ. ಪಕ್ಕದ ಅಜ್ಜಿಗೆ ನಿದ್ದೆ. ಪುಣ್ಯ.

ಇದನ್ನು ಮಕ್ಕಳು ಓದುತ್ತಾರಾ? ಓದಿ ಊಟ ಮಾಡುತ್ತಾರಾ?

ನಾನು ಬರೆದು ಕಳಿಸಬೇಕೆಂದಿರುವ ಸ್ಪರ್ಧೆಗೆ ಜನವರಿ ಕೊನೆಗೆ ಗಡುವು. ‘ಹರೆಯದ ಓದುಗರಿಗೆ ಕಾದಂಬರಿ.’ ನನ್ನದು ಐವತ್ತು ಪುಟ ಆಗಿದೆ. ನಾಯಕಿ ಕಾಲೇಜಿನಲ್ಲಿ ಪರಿಸರ ಸಂಘ ಕಟ್ಟಿದ್ದಾಳೆ, ಸಸಿ ನೆಟ್ಟಿದ್ದಾಳೆ, ಮುಂದಿನ ಅಧ್ಯಾಯದಲ್ಲಿ ಡಿಸಿ ಸಾಹೇಬರಿಂದ ಬಹುಮಾನ. ಐವತ್ತು ಪುಟದಲ್ಲಿ ಒಬ್ಬರಿಗೂ ನೆಗಡಿ ಕೂಡ ಆಗಿಲ್ಲ.

ನವೆಂಬರ್ 6, ಬುಧವಾರ, ಸಂಜೆ

ಕನ್ನಡಕ ಹುಡುಕಿ ಸಾಕಾಯಿತು. ಶಾಂಭವಿಯೇ ತಂದುಕೊಟ್ಟಳು.

“ರೊಟ್ಟಿ ಬುಟ್ಟಿಯೊಳಗ ಇತ್ರಿ ಅತ್ತಿ. ಮತ್ತ.”

ಶಾಂಭವಿ ನನ್ನವರ ತಂಗಿ ರೇಣವ್ವನ ಮಗಳು. ಊರು ಸೂಡಿ. ಪಿಯುಸಿಗೆಂದು ನಮ್ಮ ಗಜೇಂದ್ರಗಡದ ಮನೆಯಲ್ಲೇ ಇದ್ದಾಳೆ. ಹೀಗೆ ಬರೆದಿಟ್ಟರೆ ಕಾದಂಬರಿಯಲ್ಲಿ ಪಾತ್ರ ಪರಿಚಯಕ್ಕೆ ಕೈ ಪಳಗುತ್ತದೆ. ಹದಿನೇಳು ವರ್ಷ. ಮನೆಯಲ್ಲೇ ಒಬ್ಬಳು ಹರೆಯದ ಓದುಗಿಯಿದ್ದಾಳೆ, ಕೇಳಬಾರದೇಕೆ ಅನಿಸಿತು.

“ನಿಮ್ಮ ವಾರಿಗಿ ಹುಡುಗ್ಯಾರು ಏನ್ ಓದ್ತೀರವಾ?”

“ನಾ ಏನೂ ಓದಂಗಿಲ್ರಿ ಅತ್ತಿ. ಅಭ್ಯಾಸಕ್ಕ ಟೈಮ್ ಸಾಲೂದಿಲ್ಲ.”

ಪಾಪ, ಒಳ್ಳೆಯ ಹುಡುಗಿ. ಆದರೆ ಕಲ್ಪನೆ ಗಿಲ್ಪನೆ ಕಡಿಮೆ.

ನವೆಂಬರ್ 7, ಗುರುವಾರ

ರೋಣದ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿ ಉಮಾಶ್ರೀಯನ್ನೂ ಅದೇ ಕೇಳಿದೆ. ನಕ್ಕುಬಿಟ್ಟಳು.

“ಪುಸ್ತಕ ಯಾರ್ ಓದ್ತಾರ್ರಿ ಮೇಡಂ? ಫೋನಿನ್ಯಾಗ ಒಂದ್ ಕಥಿ ಬರಾಕತ್ತೈತಿ. ಇಡೀ ಕ್ಲಾಸಿಗಿ ಕ್ಲಾಸೇ ಹುಚ್ಚಾಗೈತಿ. ನೀವೂ ಓದ್ರಿ, ಆದ್ರ ಅಳಬ್ಯಾಡ್ರಿ ಮತ್ತ.”

ಆ್ಯಪು ಅವಳೇ ಹಾಕಿಕೊಟ್ಟಳು. ಧಾರಾವಾಹಿ. ಬರೆಯುವವಳು ಹೆಸರು ಹೇಳಿಲ್ಲ — ‘ಬೆಳ್ಳಕ್ಕಿ’ ಅಂತಷ್ಟೇ. ನಾನೂ ‘ಓದುಗಿ’ ಅಂತ ಹೆಸರು ಕೊಟ್ಟುಕೊಂಡೆ. ನಾಳೆ ನೋಡೋಣ, ಎಷ್ಟು ಕಾಗುಣಿತ ತಪ್ಪು ಸಿಗುತ್ತವೋ.

ನವೆಂಬರ್ 9, ಶನಿವಾರ

ಬೆಚ್ಚಿಬಿದ್ದಿದ್ದೇನೆ. ಬೇರೆ ಮಾತು ಸಿಗುತ್ತಿಲ್ಲ.

ಬಂದಷ್ಟೂ ಅಧ್ಯಾಯ ಒಂದೇ ಉಸಿರಿಗೆ ಓದಿದೆ. ಇಳಿಯುವ ಸ್ಟಾಪು ದಾಟಿಹೋಯಿತು, ಕಂಡಕ್ಟರನ ಕೈಲಿ ಬೈಸಿಕೊಂಡೆ.

ಗುಡ್ಡದ ಮೇಲೊಂದು ಕೋಟೆ. ತುದಿಯಲ್ಲಿ ಮೂರು ಕೈಯ ದೈತ್ಯರು ಸಾಲಾಗಿ ನಿಂತು ಕೈ ತಿರುವುತ್ತಾ ಊರು ಕಾಯುತ್ತಾರೆ. ಕೋಟೆಯಲ್ಲಿ ಸದಾ ಕಾವ್ಯ ಬರೆಯುವ ಒಬ್ಬ ರಾಣಿ, ಒಬ್ಬ ರಾಜಕುಮಾರಿ. ಅವಳು ತೊಟ್ಟಿಲಲ್ಲಿದ್ದಾಗಲೇ ಸೇನಾಪತಿಗೆ ಕೊಡುವುದೆಂದು ಮಾತಾಗಿದೆ. ಸೇನಾಪತಿ ಅಂದರೆ ಅವಳ ತಾಯಿಯ ತಮ್ಮ. ಕೆಟ್ಟವನಲ್ಲ, ಅದೇ ಕಷ್ಟ. ಹೆಗಲ ಮೇಲೆ ಹೊತ್ತು ತಿರುಗಿದವನು. “ನನ್ನ ಮೂಗು ಒರೆಸಿದ ಕೈಗೆ ನನ್ನ ಕೈ ಹೇಗೆ ಕೊಡಲಿ?” ಎನ್ನುತ್ತಾಳೆ ರಾಜಕುಮಾರಿ. ಈ ಸಾಲು ಓದಿ ಫೋನು ಮಡಿಲಲ್ಲಿಟ್ಟುಕೊಂಡು ಕೂತೆ. ನನಗೆ ಇಪ್ಪತ್ತು ವರ್ಷ ಬರೆದರೂ ಬರಲಿಲ್ಲ ಇಂಥ ಸಾಲು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಯಾರಿರಬಹುದು? ನರಗುಂದದವಳೇ ಇರಬೇಕು. ಅಲ್ಲಿ ಗುಡ್ಡವಿದೆ, ಕೋಟೆಯಿದೆ. ನಮ್ಮಲ್ಲೂ ಇವೆ, ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನುಗಳೂ ಇವೆ. ಆದರೆ ಈ ಊರಿನಲ್ಲಿ ಬರೆಯುವವಳು ನಾನೊಬ್ಬಳೇ. ಸೋದರಮಾವನ ಸಂಬಂಧವಂತೂ ನಮ್ಮ ಕಡೆ ಮನೆಗೊಂದು. ನಮ್ಮ ಮನೆಯಲ್ಲೂ ಉಂಟು — ಶಾಂಭವಿ ನನ್ನ ಮೈದುನ ದುರಗೇಶನಿಗೇ ಅಂತ ಅವಳಿಗೆ ಹೆಸರಿಟ್ಟ ದಿನವೇ ತೀರ್ಮಾನ. ಹುಡುಗಿಯರು ಮುಗಿಬಿದ್ದು ಓದುವುದು ಅದಕ್ಕೇ.

ನವೆಂಬರ್ 14, ಗುರುವಾರ

ಮನೆಯಲ್ಲಿ ಗಡಿಬಿಡಿ. ಹೊನ್ನವ್ವತ್ತೆ ಊಟದ ಹೊತ್ತಿನಲ್ಲಿ ಮಾತು ತೆಗೆದರು.

“ಅಮಾಸಿ ಮುಗದ್ ಮ್ಯಾಲೆ ಬರೂ ಶುಕ್ರವಾರ ಚಲೋ ಐತಿ. ರೇಣವ್ವಗ ಹೇಳೇನಿ. ಶಾಂಭವಿ ಉಡಿ ತುಂಬಿ ಮಾತು ಗಟ್ಟಿ ಮಾಡಿಬಿಡೂನು. ಲಗ್ನ ಬೇಕಾದ್ರ ಹದಿನೆಂಟ ತುಂಬಿದ್ ಮ್ಯಾಲೆ ಆಗಲಿ.”

ನನ್ನವರು — ಕೊಟ್ರೇಶ — ತಲೆಯಾಡಿಸಿದರು. ದುರಗೇಶ ತಾಟಿನೊಳಗೆ ನೋಡುತ್ತಾ ರೊಟ್ಟಿ ಮುರಿದ. ಅತ್ತೆ ನನ್ನ ಕಡೆ ತಿರುಗಿದರು.

“ನಾ ಮುಂಡಿ, ನನ್ನ ಕೈ ನಡಿಯಂಗಿಲ್ಲ. ಹಿರೇ ಸೊಸಿ ನೀನು. ಉಡಿ ನೀನ ತುಂಬಬೇಕ ರಾಜವ್ವಾ.”

ಹೂಂ ಅಂದೆ. ಖುಷಿಯೇ ಆಯಿತು. ಗೊತ್ತಿರುವ ಹುಡುಗಿ, ಇದೇ ಮನೆಯಲ್ಲಿ ಉಳಿಯುತ್ತಾಳೆ, ನನ್ನ ಕನ್ನಡಕಕ್ಕೂ ಒಂದು ದಿಕ್ಕಾಯಿತು. ಕುಪ್ಪಸದ ಕಣ ಯಾವ ಬಣ್ಣದ್ದು ಅಂತಲೂ ಯೋಚಿಸಿಬಿಟ್ಟೆ.

ಸಂಜೆ ಬರೆಯುತ್ತಿದ್ದೆ. ಶಾಂಭವಿ ಬಾಗಿಲಲ್ಲಿ ಬಂದು ನಿಂತಳು. “ಅತ್ತಿ, ಒಂದ್ ಮಾತು...”

“ಆಮ್ಯಾಲೆ ಬಾರವಾ. ಒಂದ್ ಸಾಲು ಬಂದೈತಿ.”

ಹೋದಳು. ಸಾಲೂ ಹೋಯಿತು.

ನವೆಂಬರ್ 20, ಬುಧವಾರ

ಬೆಳ್ಳಕ್ಕಿ ಒಂದು ಪ್ರಶ್ನೆ ಹಾಕಿದ್ದಾಳೆ. ‘ಕಥೆ ಮುಗಿಯಲು ಬಂತು. ರಾಜಕುಮಾರಿ ಊರ ಕುಂಡದ ಮೆಟ್ಟಿಲ ಮೇಲೆ ಕೂತಿದ್ದಾಳೆ. ಕೆಳಗೆ ನೀರು. ಏನು ಮಾಡಬೇಕು? ನೀವೇ ಹೇಳಿ.’

ಹುಡುಗಿಯರು ಏನೇನೋ ಬರೆದಿದ್ದಾರೆ — ಓಡಿಹೋಗಲಿ, ದೈತ್ಯರು ಬಂದು ಎತ್ತಿಕೊಂಡು ಹೋಗಲಿ. ನಗು ಬಂತು. ಅನುಭವಸ್ಥರೊಬ್ಬರು ಹೇಳಬೇಕಲ್ಲ. ಕೂತು ಬರೆದೆ:

‘ಓಡಿಹೋದರೆ ಸಿನಿಮಾ ಆಗುತ್ತದೆ. ಒಪ್ಪಿಕೊಂಡು ಬದುಕಿದರೆ ಕಥೆ ಸಪ್ಪೆ. ಆಕೆ ಕೊನೆಯ ಮೆಟ್ಟಿಲು ಇಳಿಯಲೇಬೇಕು. ಓದುಗರ ಎದೆ ಒಡೆಯಬೇಕು. ಇನ್ನೊಂದು ಮಾತು, ರಾಣಿಯ ಪಾತ್ರ ನಂಬುವಂತಿಲ್ಲ. ಸದಾ ಕಾವ್ಯ ಬರೆಯುತ್ತಾ ಕೂತಿರುವ ಓದಿದ ಹೆಂಗಸು ಮನೆಯ ಹುಡುಗಿಯನ್ನು ಒಂದು ಮಾತು ಕೇಳದೆ ಇರುತ್ತಾಳೆಯೇ?’

ಸಂಜೆಗೆ ಉತ್ತರ ಬಂತು.

‘ಟೀಚರ್ ಬರೆದಂಗ ಬರೆದೀರಿ ಮೇಡಂ. ಮೆಟ್ಟಿಲ ಇಳಿಯೂದು ನಾನೂ ಹಂಗ ಅನ್ಕೊಂಡಿದ್ದೆ. ನೀವು ಹೇಳಿದ್ದು ಚಲೋ ಆತು. ರಾಣಿ ಅಂಥವ್ರು ಇರ್ತಾರ್ರಿ. ನಾ ನೋಡೇನಿ.’

ಇಂಥ ಪ್ರತಿಭೆ ನನ್ನ ಮಾತು ಒಪ್ಪಿತು! ಆಗಿನಿಂದ ಕಾಲು ನೆಲದ ಮೇಲಿಲ್ಲ.

ನವೆಂಬರ್ 27, ಬುಧವಾರ

ಡೈರಿ ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಪಟ್ಟ. ಇರಲಿ.

ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೊಸ ಅಧ್ಯಾಯ ಓದಿದೆ. ಕೊನೆಯದಕ್ಕಿಂತ ಮೊದಲಿನದು. ರಾಜಕುಮಾರಿ ಕಡೆಯ ಸಲ ರಾಣಿಯ ಹತ್ತಿರ ಹೋಗುತ್ತಾಳೆ. ರಾಣಿ ಕನ್ನಡಕ ಕಳೆದುಕೊಂಡು ಅರಮನೆಯೆಲ್ಲ ಹುಡುಕಿಸುತ್ತಿದ್ದಾಳೆ. ಕನ್ನಡಕ ರೊಟ್ಟಿ ಬುಟ್ಟಿಯಲ್ಲಿದೆ. ರಾಜಕುಮಾರಿ ಅದನ್ನು ತನ್ನ ಲಂಗಕ್ಕೆ ಒರೆಸಿ ಕೊಡುತ್ತಾಳೆ. ಬಾಗಿಲಲ್ಲಿ ನಿಂತು, “ಒಂದ್ ಮಾತು...” ಎನ್ನುತ್ತಾಳೆ. ರಾಣಿ ತಲೆಯೆತ್ತುವುದಿಲ್ಲ.

“ಆಮ್ಯಾಲೆ ಬಾರವಾ. ಒಂದ್ ಸಾಲು ಬಂದೈತಿ.”

ಅಲ್ಲೇ ಕಲ್ಲಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಬಸ್ಸು ಬಂತು, ಹೋಯಿತು. ಕುಂಡ. ಸೂಡಿಯಲ್ಲಿ ಕುಂಡವಿದೆ, ಶಾಂಭವಿಯ ಊರಿನಲ್ಲಿ. ಮೆಟ್ಟಿಲ ಮೇಲೆ ಕೂತು ಓದಿಕೊಳ್ಳುತ್ತಿದ್ದೆ ಅಂತ ಒಮ್ಮೆ ಹೇಳಿದ್ದಳು. ನಾನು ಕೇಳಿಸಿಕೊಂಡಿರಲಿಲ್ಲ, ಈಗ ಕೇಳಿಸುತ್ತಿದೆ.

ಕಲ್ಪನೆ ಕಡಿಮೆ ಅಂತ ಬರೆದಿದ್ದೆ. ಇಲ್ಲೇ, ಮೇಲೆ.

ಅವಳಿಗೆ ನಾನು ಏನು ಹೇಳಿದೆ. ಕೊನೆಯ ಮೆಟ್ಟಿಲು ಇಳಿಯಲೇಬೇಕು ಅಂತ... ಅಯ್ಯೋ ನನ್ನ ಬಾಯಿಗೆ ಮಣ್ಣು ಬೀಳಲಿ.

ಅದೇ ದಿನ, ಸಂಜೆ

ಓಡೋಡಿ ಮನೆಗೆ ಬಂದೆ. ಅಡುಗೆ ಮನೆಯಲ್ಲಿ ಶೇಂಗಾ ಹುರಿಯುತ್ತಿದ್ದಳು. ಒಲೆಯ ಪಕ್ಕ ಹೋಗಿ ನಿಂತೆ. ಕಡೆಗೆ ಕೇಳಿದೆ.

“ಶಾಂಭವಿ, ದುರಗೇಶನ್ನ ಮಾಡ್ಕೊಳ್ಳಾಕ ನಿನಗ ಮನಸೈತೇನವಾ?”

ಬಾಣಲೆಯಲ್ಲಿ ಸೌಟು ನಿಂತಿತು. ನನ್ನ ಮುಖ ನೋಡಲಿಲ್ಲ.

“ಹಿರ್ಯಾರು ಹೇಳಿದ್ ಮ್ಯಾಲೆ ಆತಲ್ರಿ ಅತ್ತಿ. ನಂದೇನೈತಿ.”

“ನನ್ ಮುಂದ ಹೇಳವಾ. ಖರೇನ ಹೇಳು.”

“ಖರೇನ್ರಿ. ಮನಸೈತಿ.” ಮತ್ತೆ ಹುರಿಯತೊಡಗಿದಳು.

ಸುಳ್ಳು. ನಂಬುವುದಾದರೂ ಹೇಗೆ ನನ್ನನ್ನು, ಇಷ್ಟು ದಿನ ಕೇಳದವಳು ಇವತ್ತು ಕೇಳಿದರೆ? ನಾನೇ ಓದುಗಿ ಅನ್ನೋಣವೆಂದರೆ ನಾಲಿಗೆ ಏಳಲಿಲ್ಲ.

ನವೆಂಬರ್ 29, ಶುಕ್ರವಾರ

ನನ್ನವರಿಗೆ ಹೇಳಿದೆ. ಕಥೆಯ ವಿಷಯ, ಕುಂಡದ ವಿಷಯ. ನನ್ನ ಸಲಹೆಯ ವಿಷಯ ಬಿಟ್ಟು.

“ಕಥಿ ಓದಿ ಓದಿ ಮನ್ಯಾಗೂ ಕಥಿ ಮಾಡ್ತಿ ಏನ? ಅಕಿ ನಕ್ಕೋತ ಅಡ್ಯಾಡಾಕತ್ತಾಳ. ಅವ್ವನ ಮುಂದ ಸುದ್ದಿ ತಗದೀ ಮತ್ತ, ನೋಡು.”

ನಗುತ್ತಾಳೆ, ಹೌದು. ಅದೇ ಹೆದರಿಕೆ ನನಗೆ. ಕಾಲೇಜಿಗೆ ರಜೆ ಹಾಕಿದ್ದೇನೆ. ಅವಳು ನೀರಿಗೆ ಹೋದರೂ ಹಿಂದೆ ಹೋಗುತ್ತೇನೆ. “ಏನ್ ಬೇಕಾಗಿತ್ರಿ ಅತ್ತಿ?” ಅನ್ನುತ್ತಾಳೆ. “ಕನ್ನಡಕ” ಅನ್ನುತ್ತೇನೆ. ಕನ್ನಡಕ ನನ್ನ ಮೂಗಿನ ಮೇಲೇ ಇರುತ್ತದೆ.

ಡಿಸೆಂಬರ್ 2, ಸೋಮವಾರ

ತಡೆಯಲಾಗದೆ ಆ್ಯಪಿನಲ್ಲಿ ಬರೆದೆ.

‘ನಾನು ಹೇಳಿದ್ದು ತಪ್ಪು. ಪೂರಾ ತಪ್ಪು. ರಾಜಕುಮಾರಿ ಬದುಕಬೇಕು. ಕಥೆ ಸಪ್ಪೆಯಾದರೆ ಆಗಲಿ. ರಾಣಿ ಕಾವ್ಯ ಬಿಟ್ಟು ಏಳಲಿ. ಎದ್ದು ಬೇಡ ಅನ್ನಲಿ.’

ಪಕ್ಕದ ಕೋಣೆಯಲ್ಲಿ ಅವಳ ಫೋನು ಸದ್ದು ಮಾಡಿದ್ದು ಕೇಳಿಸಿತು. ಗೋಡೆಗೆ ಒರಗಿ ಕಾದೆ.

‘ರಾಣಿ ಏಳಂಗಿಲ್ರಿ ಮೇಡಂ. ಅಕಿನ್ನ ನಾ ದಿನಾ ನೋಡ್ತೀನಿ. ಕೊನೆಯ ಅಧ್ಯಾಯ ಶುಕ್ರವಾರ ಸಂಜಿ ಹಾಕ್ತೀನಿ.’

ಶುಕ್ರವಾರ. ಉಡಿ ತುಂಬುವ ದಿನ. ಅವತ್ತು ಸಂಜೆ ಅವಳನ್ನು ತಾಯಿಯ ಜೊತೆ ಸೂಡಿಗೆ ಕಳಿಸಿಕೊಡುವ ಮಾತಾಗಿದೆ.

ಡಿಸೆಂಬರ್ 6, ಶುಕ್ರವಾರ, ಬೆಳಿಗ್ಗೆ

ಮನೆ ತುಂಬಿದೆ. ರೇಣವ್ವ ಬಂದಳು, ಅವಳ ಗಂಡ, ಓಣಿಯ ಹೆಣ್ಣುಮಕ್ಕಳು. ಹಿಂದಿನ ಒಲೆಯ ಮೇಲೆ ಹೂರಣ. ತಾಟಿನಲ್ಲಿ ಅಕ್ಕಿ, ಕೊಬ್ಬರಿ, ಅರಿಷಿಣ ಬೇರು, ಉತ್ತತ್ತಿ, ಕಣ. ಕೊನೆಗೆ ಹಸಿರೇ ಆರಿಸಿದ್ದೆ.

ನನ್ನ ಕೈಯಿಲ್ಲದೆ ಈ ತಾಟು ಏಳುವುದಿಲ್ಲ. ಹಿರೇ ಸೊಸೆ ಒಲ್ಲೆ ಅಂದ ತಾಟನ್ನು ಬೇರೆ ಮುತ್ತೈದೆ ಮುಟ್ಟುವುದಿಲ್ಲ. ಇಷ್ಟು ವರ್ಷ ಈ ಮನೆಯಲ್ಲಿ ನನ್ನ ಮಾತು ಯಾರು ಕೇಳುತ್ತಾರೆ ಅಂತಲೇ ಇದ್ದೆ. ಮಾತು ಬೇಕೇ ಇರಲಿಲ್ಲ, ಕೈ ಸಾಕಿತ್ತು.

ಕರೆಯುತ್ತಿದ್ದಾರೆ.

ಮಧ್ಯಾಹ್ನ

ಆಯಿತು.

ಶಾಂಭವಿಯನ್ನು ಮಣೆಯ ಮೇಲೆ ಕೂರಿಸಿದ್ದರು. ಅತ್ತೆ, “ತುಂಬವಾ” ಅಂದರು. ತಾಟು ಎತ್ತಲಿಲ್ಲ. ಅವಳ ಮುಂದೆ ನೆಲದ ಮೇಲೆ ಕೂತೆ.

“ಶಾಂಭವಿ, ಎಲ್ಲಾರ ಮುಂದ ಕೇಳಾಕತ್ತೇನಿ. ನಿನಗ ಬ್ಯಾಡಾಗಿದ್ರ ಬ್ಯಾಡನ್ನು.”

“ಅಕೀನ್ನೇನ್ ಕೇಳ್ತೀರಿ ವೈನಿ?” ರೇಣವ್ವ ನಕ್ಕಳು. ಶಾಂಭವಿ ನಗಲಿಲ್ಲ. ಕಣ್ಣೀರು ಟಪಟಪ ಉಡಿಗೇ ಬಿತ್ತು.

“ಅಕಿ ಬಾಯಿಬಿಟ್ಟು ಹೂಂ ಅನ್ನೂತನಕಾ ನಾ ಉಡಿ ತುಂಬಂಗಿಲ್ಲ” ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ನನ್ನವರು ಎದ್ದು ನಿಂತರು. ಅತ್ತೆ ಹಣೆ ಹಣೆ ಬಡಿದುಕೊಂಡರು. ರೇಣವ್ವ, “ನನ್ ಮಗಳ ಬಾಳೇ ಹಾಳ ಮಾಡಿದ್ರಿ” ಅಂತ ಕೂಗಿದಳು. ದುರಗೇಶನನ್ನು ಹುಡುಕಿದೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ತಿರುಗಿ ಒಮ್ಮೆ ಹುಡುಗಿಯನ್ನು ನೋಡಿದ. “ಅಳಬ್ಯಾಡಂತ ಹೇಳ್ರಿ ವೈನಿ ಅಕೀಗಿ” ಅಂದ. ತನ್ನ ಅಂಗಡಿಗೆ ಹೋದ.

ತಾಟು ಅಲ್ಲೇ ಇದೆ. ಹೊರಗೆ ಇನ್ನೂ ಕೂಗಾಟ. ಒಳಗೆ ಬಂದು ಬರೆಯುತ್ತಿದ್ದೇನೆ, ಬರೆಯದಿದ್ದರೆ ಎದೆ ನಿಲ್ಲುವುದಿಲ್ಲ. ಗುಟ್ಟಾಗಿ ಸಂತೋಷವೂ ಆಗುತ್ತಿದೆ, ಯಾಕೆ ಮುಚ್ಚಿಡಲಿ. ರಾಣಿ ಎದ್ದಳು.

ಶಾಂಭವಿ ಈಗ ಬಂದಳು. ಬಾಗಿಲಲ್ಲೇ ನಿಂತಳು. ಕೈಯಲ್ಲಿ ಕನ್ನಡಕ. ಪಡಸಾಲೆಯಲ್ಲಿ ಬಿಟ್ಟು ಬಂದಿದ್ದೆನಂತೆ. ಲಂಗಕ್ಕೆ ಒರೆಸಿ ಕೊಟ್ಟಳು.

“ಬಾರವಾ, ಈಗ್ಲೇ ಬಾ. ಕೂಡು” ಅಂದೆ. ಕೂತಳು. ಅವಳ ತಲೆ ಸವರಿ, “ಕಡೀ ಅಧ್ಯಾಯ ಬ್ಯಾರೇ ಬರಿ. ರಾಣಿ ಎದ್ದಾಳ” ಅಂದೆ.

ಮೊದಲು ತಿಳಿಯಲಿಲ್ಲ ಅವಳಿಗೆ. ಆಮೇಲೆ ನನ್ನ ಕೈಯ ಕೆಳಗೇ ಅವಳ ತಲೆ ಗಟ್ಟಿಯಾಯಿತು. ಮೆಲ್ಲಗೆ ಹಿಂದೆ ಸರಿದಳು. ಬಣ್ಣವೇ ಇಲ್ಲ ಮುಖದಲ್ಲಿ.

“ಓದುಗಿ... ನೀವೇನ್ರಿ ಅತ್ತಿ?”

ಹೂಂ ಅಂದೆ.

“ಕಡೀ ಮೆಟ್ಟಿಲ ಇಳೀಲೇಬೇಕು ಅಂದಾವ್ರು?”

ಇನ್ನೂ ಇಲ್ಲೇ ಕೂತಿದ್ದಾಳೆ. ನಾನು ಬರೆಯುವುದನ್ನೇ ನೋಡುತ್ತಿದ್ದಾಳೆ, ಉತ್ತರಕ್ಕೆ ಕಾಯುತ್ತಾ. ಪೆನ್ನು ಕೆಳಗಿಡಬೇಕು. ಇಟ್ಟು ಅವಳಿಗೆ...