ನಾಲ್ಕು ವಾಯರಿಗೆ ನಾಲ್ಕು ಬಣ್ಣದ ಎಳಿ

ರೀ,

ಅಂಗಳದಾಗ ಕಾರ ಇಲ್ಲಂತ ಗಾಬರಿ ಆಗಬ್ಯಾಡ್ರಿ, ಚಾಲೂ ಆಗೇತಿ. ಐತವಾರ ನೀವು ಪ್ಲಗ್ಗಿನ ಹಳೇ ವಾಯರ್ ನಾಲ್ಕೂ ಒಮ್ಮೆಲೇ ಕಿತ್ತು, ಹೊಸಾವು ಹಾಕುವಾಗ ಎರಡು ಅದಲು ಬದಲು ಮಾಡಿದ್ರಿ, ಅದಕ್ಕ ಅದು ಚಾಲೂ ಆಗಲಿಲ್ಲ. ಮಗ್ಗದಾಗ ಹಳೇ ಎಳಿಗೆ ಹೊಸಾ ಎಳಿ ಒಂದೊಂದ ಗಂಟ ಹಾಕಾವ್ರು ನೀವು, ಇಲ್ಲಿ ಯಾಕ ಅವಸರ ಮಾಡಿದ್ರಿ? ಬಾಜೂ ಮನಿ ನಾಸೀರಣ್ಣನ ಕಾರೂ ಇದೇ ನಮೂನಿದು, ಅದನ್ನ ನೋಡ್ಕೋತ ಸರಿಯಾಗಿ ಜೋಡಿಸೇನಿ. ಒಂದೊಂದ ವಾಯರಿಗೂ ಬ್ಯಾರೆ ಬಣ್ಣದ ಎಳಿ ಕಟ್ಟೇನಿ, ಬಿಚ್ಚಬ್ಯಾಡ್ರಿ. ಕೀಲಿ ತಿರುವಿದ ಕೂಡ್ಲೇ ಶುರು ಆತು.

ಅತ್ತಿಯವ್ರನ್ನ ಮುಂದ ಕುಂದರಿಸ್ಕೊಂಡು ಹುನಗುಂದಕ್ಕ ಅವ್ರ ತಂಗಿ ಮನಿಗೆ ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅದಾವು.

ಕಾರ ಇನ್ನ ಓಡಂಗಿಲ್ಲಂತ ನೀವು ಬರಾಕ ಹೇಳಿದ ಗುಜರಿಯಾವ ಸಂಜಿಗೆ ಅದನ್ನ ಒಯ್ಯಾಕ ಬಂದ್ರ ಚಾ ಕುಡಿಸಿ ಕಳಸ್ರಿ. ಕಾರ ಎಲ್ಲಿ ಅಂತ ಕೇಳಿದ್ರ, ಹೆಂಡ್ತಿ ರಿಪೇರಿ ಮಾಡಿ ಓಡಿಸ್ಕೊಂಡ ಹೋಗ್ಯಾಳ ಅಂತ ನಿಮ್ಮ ಬಾಯಿಲೇ ಹೇಳ್ರಿ.

ಲಗಮವ್ವ